ರಸ್ತೆಯುಬ್ಬು ದಾಟಲು ನಾಲ್ಕು ಚಕ್ರಕ್ಕೂ ಬಲ ಬೇಕೇ?

ಪ್ರಶ್ನೆ – ಬಸವನಗುಡಿ ನಿವಾಸಿ

ಮಾನ್ಯರೇ, ನಮ್ಮ ಮಗ ಮಹೀಂದ್ರದ ಐದು ಬಾಗಿಲಿನ ಜೀಪು ಥಾರ್ ರಾಕ್ಸ್ ಕೊಳ್ಳಬೇಕೆಂದು ಹಟ ಹಿಡಿದಿದ್ದಾನೆ. ನಮ್ಮ ಮನೆ ಗಾಂಧಿ ಬಜಾರಿನ ಪಕ್ಕದ ಅಡ್ಡರಸ್ತೆಯಲ್ಲಿದೆ. ಎರಡೂ ಬದಿಯಲ್ಲಿ ಸ್ಕೂಟರುಗಳು ನಿಂತಿರುವ ಆ ರಸ್ತೆಗೆ ಬೆಳಿಗ್ಗೆ ಸೊಪ್ಪಿನ ತಳ್ಳುಗಾಡಿ ಬಂದರೆ ಆಟೋ ಕೂಡ ಕಾದು ನಿಲ್ಲಬೇಕಾಗುತ್ತದೆ. ಮಗನ ಕಚೇರಿಯ ದಾರಿಯಲ್ಲಿ ಸಿಗುವ ಬೆಟ್ಟವೆಂದರೆ ರಸ್ತೆಯುಬ್ಬು, ಹೊಳೆಯೆಂದರೆ ಮಳೆಗೆ ತುಂಬುವ ಅಂಡರ್‌ಪಾಸ್. ಆದರೂ ಗಾಡಿ ಬಂಡೆ ಹತ್ತುತ್ತದೆ, 650 ಮಿಲಿಮೀಟರ್ ನೀರಿನಲ್ಲಿ ನಡೆಯುತ್ತದೆ ಎಂದು ಊಟದ ಹೊತ್ತಿನಲ್ಲೂ ವಿವರಿಸುತ್ತಾನೆ. ಅವನ ಅಜ್ಜಿ ಕೇಳುವುದು ಒಂದೇ: ಅದನ್ನು ಹತ್ತುವಾಗ ನನಗೆ ಸ್ಟೂಲು ಯಾರು ಇಡುತ್ತಾರೆ? ಊರೊಳಗಿನ ಓಡಾಟಕ್ಕೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಕೊಡುವ ಚಾಲನೆ (ಫೋರ್ ಬೈ ಫೋರ್) ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಗ್ಯಾರೇಜಿನಲ್ಲಿ ಕೆಲಸ ಮಾಡುವವರು

ಒಣ ಡಾಂಬರಿನ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಹಾಕಿದರೆ ಕೆಡುಕೇ ಹೆಚ್ಚು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕು. ಈ ಬಗೆಯ ಗಾಡಿಗಳಲ್ಲಿ ಫೋರ್ ಬೈ ಫೋರ್ ಲಿವರ್ ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟುಗಳು ಒಂದೇ ವೇಗಕ್ಕೆ ಕಟ್ಟಿಬೀಳುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲಾಗದೆ ಸ್ಟೀರಿಂಗ್ ಬಿಗಿಯುತ್ತದೆ, ಗಾಡಿ ಎಳೆದಾಡುತ್ತದೆ, ಗೇರಿನ ಹಲ್ಲುಗಳ ಮೇಲೆ ಒತ್ತಡ ಬೀಳುತ್ತದೆ. ಇನ್ನೊಂದು ವಿಷಯವನ್ನೂ ಮಗನಿಗೆ ಕೇಳಿ ನೋಡಿ: ರಾಕ್ಸ್‌ನ ಪೆಟ್ರೋಲ್ ಮಾದರಿಗಳಿಗೆ ಬಲ ಹೋಗುವುದು ಹಿಂದಿನ ಚಕ್ರಗಳಿಗೆ ಮಾತ್ರ. ನೋಟ ಕಾಡಿನದು, ಚಾಲನೆ ನಮ್ಮ ಹಳೆಯ ಅಂಬಾಸಿಡರಿನದು.

ಉತ್ತರ – ಇಂಥದೇ ಗಾಡಿಯ ಮಾಲೀಕರು

ನಾನು ಸಕಲೇಶಪುರದ ತೋಟಕ್ಕೆ ಹೋಗಿಬರುವುದಕ್ಕಾಗಿ ಕೊಂಡಿದ್ದೇನೆ, ಮಳೆಗಾಲದಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಉಪಯೋಗಕ್ಕೆ ಬರುವುದು ಉಬ್ಬಿಗೆ ತಳ ತಾಗದಿರುವುದೊಂದೇ. ನೀರಿನ ಲೆಕ್ಕವನ್ನು ಮಾತ್ರ ನಂಬಬೇಡಿ. 650 ಮಿಲಿಮೀಟರ್ ಎಂದರೆ ಮೊಣಕಾಲಿಗಿಂತ ತುಸು ಮೇಲೆ, ಅಂಡರ್‌ಪಾಸಿನ ಆಳ ಹೊರಗಿನಿಂದ ಕಾಣುವುದೂ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನಿಂತಾಗ ಐಟಿ ಕಚೇರಿಯವರನ್ನು ದಾಟಿಸಿದ್ದು ಟ್ರ್ಯಾಕ್ಟರುಗಳು.

ಉತ್ತರ – ಮಡಿಕೇರಿ ಕಡೆಯವರು

ನಮ್ಮಲ್ಲಿ ಗುಡ್ಡದ ಮೇಲಿನ ಮಾಂದಲ್‌ಪಟ್ಟಿಗೆ ಪ್ರವಾಸಿಗಳನ್ನು ಹತ್ತಿಸುವ ಜೀಪುಗಳನ್ನು ಒಮ್ಮೆ ನೋಡಿದರೆ ನಿಮ್ಮ ಮಗನಿಗೆ ಗಾತ್ರದ ಮೇಲಿನ ಮೋಹ ಇಳಿಯಬಹುದು. ಈ ವಂಶದ ಮೂಲಪುರುಷನಾದ 1941ರ ಅಮೆರಿಕನ್ ಸೇನೆಯ ವಿಲ್ಲೀಸ್ ಜೀಪಿನ ಅಗಲ 1575 ಮಿಲಿಮೀಟರ್, ರಾಕ್ಸ್‌ನದು 1870. ಗುಡ್ಡಗಾಡಿನಲ್ಲಿ ಕೆಲಸಕ್ಕೆ ಬರುವುದು ಕಿರಿದಾದ ಮೈ, ಹಗುರವಾದ ತೂಕ, ಬಾಗಿಲಿಗೆ ಗೀರು ಬಿದ್ದರೂ ತಲೆ ಕೆಡಿಸಿಕೊಳ್ಳದ ಚಾಲಕ. ವಾರಾಂತ್ಯದಲ್ಲಿ ಊರುಗಳಿಂದ ಬರುವ ದೊಡ್ಡ ಗಾಡಿಗಳು ಘಾಟಿಯ ತಿರುವಿನಲ್ಲಿ ಸಾರಿಗೆ ಬಸ್ಸಿಗೆ ಎದುರಾಗುವ ದೃಶ್ಯ ನಮಗೆ ಚೆನ್ನಾಗಿ ಪರಿಚಿತ. ಎಡಚಕ್ರವನ್ನು ಒಂದು ಅಡಿ ಮಣ್ಣಿಗೆ ಇಳಿಸಿದರೆ ಬಸ್ಸು ಸಲೀಸಾಗಿ ಹೋಗುತ್ತದೆ, ಆದರೆ ಕೆಸರಿಗೆಂದೇ ತಯಾರಾದ ಗಾಡಿ ಕೆಸರಿಗೆ ಇಳಿಯುವುದಿಲ್ಲ. ಬೇಲಿಯ ಮುಳ್ಳು ತಾಗಿದರೆ ಬಣ್ಣ ಹೋಗುತ್ತದೆಂದು ಮಾಲೀಕರು ಗಾಜು ಇಳಿಸಿ ಬಸ್ಸಿಗೇ ಹಿಂದೆ ಹೋಗಲು ಕೈಸನ್ನೆ ಮಾಡುತ್ತಾರೆ. ಕೊನೆಗೆ ನಿರ್ವಾಹಕರು ಇಳಿದು ಬಂದು, "ಸ್ವಾಮಿ, ನಾನು ನೋಡಿಕೊಳ್ಳುತ್ತೇನೆ, ಬಿಡಿ ಬಿಡಿ, ಇನ್ನೂ ಬಿಡಿ" ಎಂದು ಮಗುವಿಗೆ ನಡೆ ಕಲಿಸುವಂತೆ ಆ ಗಾಡಿಯನ್ನು ಪಕ್ಕಕ್ಕೆ ಇಳಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಹಿಂದೆ ನಿಂತ ಮಾರುತಿ 800 ಚರಂಡಿಯ ಅಂಚಿನಲ್ಲೇ ನುಸುಳಿ ಮುಂದೆ ಹೋಗಿರುತ್ತದೆ.

ಉತ್ತರ – ಶಾಲಾ ಶಿಕ್ಷಕಿ

ನಗುವಿನ ನಡುವೆ ಒಂದು ಮಾತು ಹೇಳಲೇಬೇಕು. ಶಾಲೆಯ ಗೇಟಿನಲ್ಲಿ ಒಂದನೆಯ ತರಗತಿಯ ಮಕ್ಕಳು ಇಂಥ ಗಾಡಿಯ ಮುಂದೆ ಹಾದುಹೋದರೆ ಚಾಲಕರಿಗೆ ಕಾಣುವುದೇ ಇಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಮುಂಚೂಣಿ 40 ಅಂಗುಲಕ್ಕಿಂತ ಎತ್ತರವಿರುವ ವಾಹನ ಪಾದಚಾರಿಗೆ ಬಡಿದರೆ ಸಾವಿನ ಸಂಭವ ತಗ್ಗು ಮೂತಿಯ ಕಾರುಗಳಿಗಿಂತ ಸುಮಾರು ಶೇ. 45ರಷ್ಟು ಹೆಚ್ಚು. ಮಗ ಕೊಂಡೇ ಕೊಳ್ಳುವುದಾದರೆ ಮುಂದೆ ಬುಲ್ ಬಾರ್ ಎಂಬ ಕಬ್ಬಿಣದ ಅಡ್ಡಕಂಬಿ ಹಾಕಿಸಲು ಬಿಡಬೇಡಿ. ಅದು ಮೋಟಾರು ವಾಹನ ಕಾಯ್ದೆಗೆ ವಿರುದ್ಧವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿದೆ. ಕೊಳ್ಳುವ ಮೊದಲು ಚಾಲಕನ ಸೀಟಿನಲ್ಲಿ ಅವನನ್ನು ಕೂರಿಸಿ, ಮುಂದೆ ಅಜ್ಜಿಯ ಆ ಸ್ಟೂಲನ್ನು ಇಟ್ಟು ಎಷ್ಟು ದೂರದಿಂದ ಅದು ಕಾಣುತ್ತದೆ ಎಂದು ಅಳೆಯಿರಿ.