ಸಹಾಯ ಬೇಕು: ವಾಂತಿಭೇದಿಯ ಮಕ್ಕಳಿಗೆ ಕನ್ನಡದ ಚಿಕಿತ್ಸಾ ನಮೂನೆ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಶುಶ್ರೂಷಕಿ. ವಾಂತಿಭೇದಿಯಿಂದ ದಾಖಲಾಗುವ ಮಕ್ಕಳ ಆರೈಕೆ ಮಾರ್ಗಸೂಚಿಯಂತೆ ನಡೆಯುತ್ತಿದೆಯೇ ಎಂದು ಪ್ರತಿ ಪಾಳಿಯಲ್ಲೂ ಪರಿಶೀಲಿಸಬಹುದಾದ, ಒಂದೇ ಪುಟದ ಕನ್ನಡ ನಮೂನೆ ಯಾರಲ್ಲಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ ಸ್ಪಷ್ಟವಾಗಿಯೇ ಇದೆ: ಸ್ವಲ್ಪಮಟ್ಟಿನ ನಿರ್ಜಲೀಕರಣವಿರುವ (ದೇಹದ ನೀರಿನಂಶ ಕಡಿಮೆಯಾಗಿರುವ) ಮಗುವಿಗೆ ಪ್ರತಿ ಕಿಲೋ ತೂಕಕ್ಕೆ 75 ಮಿ.ಲೀ.ನಂತೆ ಓಆರ್‌ಎಸ್ ದ್ರಾವಣವನ್ನು 4 ಗಂಟೆಗಳಲ್ಲಿ ಕುಡಿಸಿ ಮತ್ತೆ ಪರೀಕ್ಷಿಸಬೇಕು. ರಕ್ತನಾಳದ ಮೂಲಕ ದ್ರವ ಕೊಡುವುದು ಮುಖ್ಯವಾಗಿ ತೀವ್ರ ನಿರ್ಜಲೀಕರಣಕ್ಕೆ. ಆದರೆ ಗ್ಲುಕೋಸ್ ಬಾಟಲಿ ಏರಿಸದಿದ್ದರೆ ಚಿಕಿತ್ಸೆಯೇ ಆಗಿಲ್ಲವೆಂದು ಪೋಷಕರು ಭಾವಿಸುತ್ತಾರೆ, ಒತ್ತಡ ಹೆಚ್ಚಾದಾಗ ನಾವೂ ಮಣಿಯುತ್ತೇವೆ. ರಕ್ತಭೇದಿ ಅಥವಾ ಕಾಲರಾದ ಶಂಕೆ ಇಲ್ಲದ ಸಾಮಾನ್ಯ ನೀರುಭೇದಿಗೂ ಆಂಟಿಬಯೋಟಿಕ್ ಬರೆಯುವುದು ಇನ್ನೊಂದು ರೂಢಿ. ಸತುವಿನ (ಜಿಂಕ್) ಮಾತ್ರೆಯದಂತೂ ಬೇರೆಯೇ ಕಥೆ: 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ.ನಂತೆ 14 ದಿನ ಕೊಡಬೇಕಾದದ್ದು, ಭೇದಿ ನಿಂತು ಮನೆಗೆ ಹೋದೊಡನೆ ನಿಂತುಹೋಗುತ್ತದೆ.

ನಮೂನೆಯಲ್ಲಿ ದಾಖಲಾತಿಯ ತೂಕ, ಕಣ್ಣು ಗುಳಿಬಿದ್ದಿರುವುದು, ಚರ್ಮ ಹಿಂಡಿದಾಗ ಮರಳುವ ವೇಗ, ಕುಡಿಸಿದ ಪ್ರಮಾಣ, ಎದೆಹಾಲು ಮುಂದುವರಿದಿದೆಯೇ ಎಂಬ ವಿವರಗಳಿದ್ದರೆ ಸಾಕು. ಉದ್ದ ಪಟ್ಟಿಯನ್ನು ರಾತ್ರಿ ಪಾಳಿಯಲ್ಲಿ ಯಾರೂ ತುಂಬುವುದಿಲ್ಲ.

ಬಳ್ಳಾರಿ, ಕೊಪ್ಪಳದ ವಾರ್ಡುಗಳಲ್ಲಿ ಪೋಷಕರನ್ನು ಹೇಗೆ ಒಪ್ಪಿಸುತ್ತೀರಿ, ಮನೆಗೆ ಹೋದ ಮೇಲೆ ಸತುವಿನ ಮಾತ್ರೆಯ ಬಗ್ಗೆ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸುವ ವ್ಯವಸ್ಥೆ ನಿಮ್ಮಲ್ಲಿದೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.