ಪದಚರ್ಚೆ: ಫ್ಲಾಶ್ ಸ್ಟ್ಯಾಂಡಿನ ‘ಬ್ರಾಕೆಟ್’ಗೆ ‘ಮದನಕೈ’ ಅನ್ನಬಹುದೇ?

ಬಳಗದವರಿಗೆ ನಮಸ್ಕಾರ.

ಕೇಳಬೇಕಾದ್ದು ಒಂದೇ ಪದ. ಆದರೆ ಹಿಂದಿನ ಪೇಚಾಟ ಹೇಳದೆ ಬರೀ ‘ಬ್ರಾಕೆಟ್‌ಗೆ ಕನ್ನಡದಲ್ಲಿ ಏನು’ ಎಂದು ಕೇಳಿದರೆ ‘ಆವರಣ ಚಿಹ್ನೆ’ ಎಂಬ ಉತ್ತರ ಬರುತ್ತದೆಂದು ಗೊತ್ತು. ಆದ್ದರಿಂದ ಪತ್ರ ಸ್ವಲ್ಪ ಉದ್ದವಾಗುತ್ತದೆ.

ನಾನು ಚಿಕ್ಕಮಗಳೂರಿನಲ್ಲಿ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ ತೆಗೆದುಕೊಂಡು ಬಂದವನು. ಈಚೆಗೆ ನನ್ನ ಅಕ್ಕನ ಮಗನೂ ಇದೇ ಕಸುಬಿಗೆ ಇಳಿದಿದ್ದಾನೆ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲಾಶ್ ಕೂರಿಸಿ ನೇರವಾಗಿ ಹೊಡೆದರೆ ಮದುಮಗಳ ಮುಖ ಚಪಾತಿಯ ಹಾಗೆ ಚಪ್ಪಟೆಯಾಗುತ್ತದೆ, ಹಣೆಯ ಬೆವರು ಮಿರಮಿರ ಎನ್ನುತ್ತದೆ, ಹಿಂದಿನ ಗೋಡೆಯ ಮೇಲೆ ಕರಿ ನೆರಳು ಅಂಟಿಕೊಳ್ಳುತ್ತದೆ. ಅದೇ ಫ್ಲಾಶನ್ನು ಕೆಳಗಿಳಿಸಿ, ಒಂದು ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಮೇಲೆ ನಿಲ್ಲಿಸಿ, ಮುಂದೆ ಬಿಳಿ ಕೊಡೆ ಬಿಚ್ಚಿದರೆ ಮೂಗು, ಕೆನ್ನೆ, ಗಲ್ಲ ಎಲ್ಲಕ್ಕೂ ಜಾಗ ಸಿಗುತ್ತದೆ. ಕಮ್ಮಿ ಖರ್ಚಿನಲ್ಲಿ ಇಷ್ಟು ಹೊಂದಿಸಿಕೋ ಎಂದು ಹುಡುಗನಿಗೆ ಚೀಟಿ ಬರೆದುಕೊಟ್ಟೆ: ಸ್ಟ್ಯಾಂಡ್, ಬ್ರಾಕೆಟ್, ಕೊಡೆ, ಕೆಳಗಿಳಿಸಿದ ಫ್ಲಾಶನ್ನು ಕ್ಯಾಮೆರಾದಿಂದಲೇ ಹೊಡೆಸುವ ಟ್ರಿಗರ್, ಸ್ಟ್ಯಾಂಡು ಬೀಳದಂತೆ ಭಾರಕ್ಕೆ ಮರಳಿನ ಚೀಲ.

ಕೊರಿಯರ್ ಬಂದ ಸಂಜೆ ಫೋನು. “ಮಾವ, ಬ್ರಾಕೆಟ್ ಬಂತು. ಇದ್ರಲ್ಲಿ ಕೊಡೆ ಎಲ್ಲಿ ಸಿಗ್ಸೋದು?”

ಹೋಗಿ ನೋಡಿದರೆ ಕ್ಯಾಮೆರಾದ ತಳಕ್ಕೆ ತಿರುಪು ಹಾಕಿ ಪಕ್ಕದಲ್ಲಿ ಫ್ಲಾಶ್ ಹಿಡಿಸುವ ಎಲ್ ಆಕಾರದ ಪಟ್ಟಿ! “ನೀವು ಬ್ರಾಕೆಟ್ ಅಂತ ಬರ್ದಿದ್ರಿ, ನಾನು ಬ್ರಾಕೆಟ್ಟೇ ತರ್ಸಿದೀನಿ” ಅಂದ. ಅದೂ ನಿಜವೇ. ವಾಪಸ್ ಕಳಿಸಿ ಮತ್ತೆ ತರಿಸಿದ. ಈ ಸಲ ಬಂದದ್ದು ಎಸ್ ಆಕಾರದ ದಪ್ಪನೆಯದು. ಮುಂದೆ ದೊಡ್ಡ ಬಳೆ, ಬೋವೆನ್ಸ್ ಕಂಪನಿಯ ಮಾದರಿಯ ಸಾಫ್ಟ್‌ಬಾಕ್ಸ್, ಎಂದರೆ ಬೆಳಕನ್ನು ಮೆದುವಾಗಿಸುವ ಬಟ್ಟೆಯ ಪೆಟ್ಟಿಗೆ, ಕಚ್ಚಿಸುವುದಕ್ಕೆ. ಅದರಲ್ಲಿ ಕೊಡೆಯ ಕಡ್ಡಿಗೂ ತೂತು ಇರುವುದರಿಂದ ಇಟ್ಟುಕೊಂಡ. ದುಡ್ಡು ಮಾತ್ರ ನಾನು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿ ಹೋಯಿತು. ಮೂರು ಬೇರೆ ಬೇರೆ ಸಾಮಾನಿಗೆ ಒಂದೇ ಹೆಸರು, ಅಂಗಡಿಯಲ್ಲೂ ಅದೇ, ಆನ್‌ಲೈನಿನಲ್ಲೂ ಅದೇ.

ನಾನು ಹೇಳಿದ್ದು ಅಂಗೈಯಲ್ಲಿ ಹಿಡಿಸುವ ಪುಟ್ಟ ಸಾಮಾನು. ನೋಡದವರಿಗಾಗಿ ಬಿಡಿಸಿ ಹೇಳುತ್ತೇನೆ. ಕೆಳಗೊಂದು ಗುಳಿ, ಸ್ಟ್ಯಾಂಡಿನ ತುದಿಯ 16 ಮಿ.ಮೀ. ಗೂಟ ಅದರೊಳಗೆ ಇಳಿದು ಕೂರುತ್ತದೆ, ಪಕ್ಕದ ತಿರುಪು ಬಿಗಿಯಬೇಕು. ನಡುವೆ ಒಂದು ಕೀಲು, ಒಳ್ಳೆಯದಾದರೆ ಒಳಗೆ ಹಲ್ಲು ಇರುತ್ತದೆ, ಅಗ್ಗದ್ದಾದರೆ ಬರೀ ಬಿಗಿತದ ಮೇಲೆ ನಿಂತು ಅರ್ಧ ಗಂಟೆಯಲ್ಲಿ ತಲೆ ಬಾಗುತ್ತದೆ. ಮೇಲೆ ಫ್ಲಾಶಿನ ಪಾದ ಜಾರಿಸಿ ಕೂರಿಸುವ ಸಂದು. ಸಂದಿನ ಕೆಳಗೆ ಕೊಡೆಯ ಕಡ್ಡಿ ತೂರಿಸುವ ಅಡ್ಡ ತೂತು. ಈ ತೂತನ್ನು ಬೇಕೆಂದೇ ಸ್ವಲ್ಪ ಓರೆ ಕೊರೆದಿರುತ್ತಾರೆ, ಕಡ್ಡಿ ಮೇಲಕ್ಕೆ ಏರಿ ಫ್ಲಾಶಿನ ಬೆಳಕು ಕೊಡೆಯ ನಡುಮಧ್ಯಕ್ಕೆ ಬೀಳಲಿ ಅಂತ. ತಿರುಗುಮುರುಗು ತೂರಿಸಿದರೆ ಅರ್ಧ ಬೆಳಕು ಕೊಡೆಗೆ, ಅರ್ಧ ಛತ್ರದ ಚಾವಣಿಗೆ. ಸಂದು ಲೋಹದ್ದಾಗಿದ್ದರೆ ಫ್ಲಾಶಿನ ಪಾದದಲ್ಲಿರುವ ವಿದ್ಯುತ್ ಸಂಪರ್ಕದ ಚುಕ್ಕೆಗಳು ಅದಕ್ಕೆ ತಾಗಿ ಶಾರ್ಟ್ ಆಗಬಹುದು, ಫ್ಲಾಶ್ ತನ್ನಷ್ಟಕ್ಕೆ ಹೊಡೆಯುತ್ತದೆ. ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿದರೆ ಆಯಿತು.

ಆ ಕೀಲನ್ನು ಬಗ್ಗಿಸಿ ಎತ್ತಿ ನೋಡುತ್ತಿರುವಾಗ ನೆನಪಿಗೆ ಬಂದದ್ದು ಬೇಲೂರು. ಚೆನ್ನಕೇಶವ ದೇವಾಲಯದ ಹೊರಗೋಡೆಯಲ್ಲಿ, ಕಂಬದ ತಲೆಗೂ ಸೂರಿಗೂ ನಡುವೆ ಓರೆಯಾಗಿ ನಿಂತ ಮದನಿಕೆಯರು 38, ಒಳಗೆ ನವರಂಗದಲ್ಲಿ ಇನ್ನೂ 4. ಬಂದವರೆಲ್ಲ ನೋಡುವುದು ಅವರ ಕನ್ನಡಿ, ಗಿಣಿ, ಒಡವೆ. ನನಗೆ ಮೊದಲಿನಿಂದಲೂ ಕಾಣುವುದು ಅವರು ನಿಂತ ಓರೆ: ಬುಡ ಕಂಬಕ್ಕೆ, ತಲೆ ಸೂರಿಗೆ. ಅಂಥ ಓರೆ ಆಸರೆಗೆ ಶಿಲ್ಪದ ಬರಹಗಳಲ್ಲಿ ‘ಮದನಕೈ’ ಎಂಬ ಮಾತಿದೆ. ಇಂಗ್ಲಿಷಿನಲ್ಲಿ ಬರೆಯುವವರು ಆ ಕನ್ನಡ ಪದವನ್ನೇ ಇಟ್ಟುಕೊಂಡು ಪಕ್ಕದಲ್ಲಿ ‘ಬ್ರಾಕೆಟ್’ ಎಂದು ಅರ್ಥ ಕೊಡುತ್ತಾರೆ. ಅವರು ನಮ್ಮ ಪದಕ್ಕೆ ಬ್ರಾಕೆಟ್ ಅನ್ನುವುದಾದರೆ ನಾವು ಬ್ರಾಕೆಟ್‌ಗೆ ನಮ್ಮ ಪದ ಅನ್ನಬಾರದೇಕೆ?

ಇಲ್ಲಿ ‘ಕೈ’ ಎಂದರೆ ಚಾಚಿ ಹೊರುವ ಅಂಗ. ಕುರ್ಚಿಗೂ ಕೈ ಇದೆ. ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ನಮ್ಮ ಕೈಮರವಿದೆ. ಈಗ ಅದು ಚೆಕ್‌ಪೋಸ್ಟಿನ ಹೆಸರು, ಪದದ ಅರ್ಥ ದಾರಿ ತೋರಿಸಲು ಕೈ ಚಾಚಿ ನಿಂತ ಮರದ ಕಂಬ. ಮಂಗಳೂರು ಕಡೆ ಅದೇ ಕೈಕಂಬ. ಅಡ್ಡಗೋಲು ಚಾಚಿ ತಲೆಯ ಮೇಲಿನಿಂದ ಬೆಳಕು ಬಿಡುವ ಬೂಮ್ ಸ್ಟ್ಯಾಂಡನ್ನು ಮೊದಲ ಸಲ ನೋಡಿದಾಗ ನನ್ನ ಬಾಯಿಗೆ ತಾನಾಗಿ ಬಂದದ್ದು ‘ಕೈಮರ’ವೇ.

ಹುಡುಗನಿಗೆ ಹೇಳಿದೆ. ನಕ್ಕ. “ಮದನಕೈ ಕೊಡಿ ಅಂದ್ರೆ ಗ್ರಂಧಿಗೆ ಅಂಗಡಿ ತೋರಿಸ್ತಾರೆ ಮಾವ.” ಅದೂ ಸರಿ. ಮದನಿಕೆ ಎಂಬ ಹೆಣ್ಣು ಆ ಪದದ ಮೇಲೆ ಎಷ್ಟು ಗಟ್ಟಿಯಾಗಿ ಕೂತಿದ್ದಾಳೆಂದರೆ ಕೆಳಗಿನ ಕೈ ಯಾರಿಗೂ ಕಾಣುವುದಿಲ್ಲ. ಆಮೇಲೆ ಇಬ್ಬರೂ ಚಹಾ ಕುಡಿಯುತ್ತ ಮದನನನ್ನು ಬಿಟ್ಟು ಬರೀ ಕೈಯನ್ನು ಉಳಿಸಿಕೊಂಡೆವು. ಬಲಗೈ, ಎಡಗೈ ಇದ್ದ ಹಾಗೆ ಕೊಡೆ ಹಿಡಿಯುವುದು ‘ಕೊಡೆಗೈ’. ಬಳೆಯಿರುವ ಎಸ್ ಆಕಾರದ್ದು ‘ಬಳೆಗೈ’. ಇದು ಅವನದೇ ಹೊಳಹು, ಹೇಳಿದವನೇ ಖುಷಿಯಾಗಿ ಎರಡು ಸಲ ಹೇಳಿದ. ಎಲ್ ಆಕಾರದ್ದಕ್ಕೆ ಇನ್ನೂ ಒಂದೂ ಒಪ್ಪಿಗೆಯಾಗಿಲ್ಲ. ‘ಪಕ್ಕಗೈ’ ಅಂದರೆ ಕಿವಿಗೆ ಸೇರುವುದಿಲ್ಲ.

ಇನ್ನು ಸ್ಟ್ಯಾಂಡು. ಪದಕೋಶ ಪ್ರಿಯರು ‘ಮುಕ್ಕಾಲಿ’ ಎನ್ನುತ್ತಾರೆ. ಮುಕ್ಕಣ್ಣ, ಮುಮ್ಮಡಿಯ ಸಾಲಿನ ಚಂದದ ಪದ, ಒಪ್ಪುತ್ತೇನೆ. ಆದರೆ ಅದು ಆಗಲೇ ಟ್ರೈಪಾಡಿಗೆ ಹೋಗಿಬಿಟ್ಟಿದೆ. ಟ್ರೈಪಾಡಿನಲ್ಲಿ ಕಾಲುಗಳೇ ಉದ್ದವಾಗಬೇಕು, ಕ್ಯಾಮೆರಾ ಒಂದಿಷ್ಟೂ ಅಲುಗಬಾರದು. ಲೈಟ್ ಸ್ಟ್ಯಾಂಡಿನಲ್ಲಿ ಕಾಲು ಗಿಡ್ಡ, ಉದ್ದವಾಗುವುದು ನಡುವಿನ ಕೋಲು. ತುದಿ ಸ್ವಲ್ಪ ತೂಗಿದರೂ ನಷ್ಟವಿಲ್ಲ, ಫ್ಲಾಶ್ ಮಿಂಚಿ ಮುಗಿಯುವುದು ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿ. ಅದಕ್ಕೇ ಇದು ಅಗ್ಗ, ಹಗುರ. ಎರಡಕ್ಕೂ ಒಂದೇ ಪದವಾದರೆ ಮತ್ತೆ ಕೊರಿಯರ್ ವಾಪಸ್. ನನ್ನ ಮಟ್ಟಿಗೆ ‘ಸ್ಟ್ಯಾಂಡು’ ಕನ್ನಡವೇ, ಬಸ್ ನಿಲ್ಲುವುದೂ ಅಲ್ಲೇ, ಸೈಕಲ್ ನಿಲ್ಲುವುದೂ ಅದರ ಮೇಲೇ.

ಕೊಳ್ಳುವವರಿಗೆ ಒಂದು ಮಾತು, ಪದಕ್ಕೆ ಸಂಬಂಧವಿಲ್ಲ. 6 ಅಡಿಯದು ಕೂತವರಿಗೆ ಸಾಕು. ನಿಂತವರ ಮುಖಕ್ಕೆ ಮೇಲಿನಿಂದ ಬೆಳಕು ಬೇಕೆಂದರೆ 7 ಅಡಿಯಾದರೂ ಬೇಕು. ಅಗ್ಗದ 9 ಅಡಿಯ ಸ್ಟ್ಯಾಂಡನ್ನು ಪೂರ್ತಿ ಏರಿಸಿದರೆ ತುದಿಯ ಕೊಳವೆ ಕಡ್ಡಿಯಷ್ಟು ಸಣ್ಣ, ಮಕ್ಕಳು ಪಕ್ಕದಲ್ಲಿ ಓಡಿದರೂ ಓಲಾಡುತ್ತದೆ. ಉಳಿಸಿದ ದುಡ್ಡನ್ನು ಬ್ರಾಕೆಟ್‌ಗೆ ಹಾಕಿ. ಮೊದಲು ಮುರಿಯುವುದು ಅದೇ.

ಕೊಡೆಯದು ಬೇರೆ ಕಥೆ. ‘ಛತ್ರಿ’ ಎನ್ನಲು ನನಗೆ ಮನಸ್ಸಿಲ್ಲ. “ಅವ್ನು ದೊಡ್ಡ ಛತ್ರಿ” ಎಂದು ಬೈಯುವ ಊರಿನಲ್ಲಿ ಗಿರಾಕಿಯ ಎದುರು “ಛತ್ರಿ ಬಿಚ್ಚೋ” ಅನ್ನುವುದು ಹೇಗೆ? ಮಳೆಯ ಊರಾದ್ದರಿಂದ ‘ಕೊಡೆ’ ಎಂದರೂ ಕಷ್ಟವಿದೆ: ಆಷಾಢಕ್ಕೆ ಮುಂಚಿನ ಒಂದು ಮದುವೆಗೆ ಕೊಡೆ ಮರೆಯಬೇಡ ಎಂದಿದ್ದಕ್ಕೆ ಹುಡುಗ ಅಕ್ಕನ ಕಪ್ಪು ಮಳೆಕೊಡೆ ತಂದಿದ್ದ! ಹಳಗನ್ನಡದಲ್ಲಿ ‘ಬೆಳ್ಗೊಡೆ’ ಇದೆ, ಅರಸರ ತಲೆಯ ಮೇಲೆ ಹಿಡಿಯುತ್ತಿದ್ದ ಬಿಳಿಯ ಕೊಡೆ. ಜಿನಬಿಂಬದ ಮೇಲಿನ ಮೂರು ಕೊಡೆಗೆ ‘ಮುಕ್ಕೊಡೆ’ ಎನ್ನುತ್ತಾರೆ. ಹಳೇಬೀಡಿನ ಬಸ್ತಿಹಳ್ಳಿಯ ಬಸದಿಗಳಿಗೆ ಹೋದವರಿಗೆ ಗೊತ್ತು. ಎಂದರೆ ಕೊಡೆಗೆ ಮಳೆಯೊಂದೇ ಕೆಲಸ ಅಂತೇನೂ ಇರಲಿಲ್ಲ. ಬೆಳಕು ಬಟ್ಟೆಯನ್ನು ಹಾದು ಬರುವ ಬಿಳಿಯದಕ್ಕೆ ಬೆಳ್ಗೊಡೆ, ಬೆಳಕನ್ನು ಹಿಂದಕ್ಕೆ ಎಸೆಯುವ, ಹೊರಗೆ ಕಪ್ಪು ಒಳಗೆ ಬೆಳ್ಳಿ ಬಣ್ಣದ್ದಕ್ಕೆ ಕರಿಗೊಡೆ. ಮದುಮಗ ಮದುಮಗಳನ್ನು ಒಂದು ದಿನದ ರಾಜ ರಾಣಿ ಎನ್ನುವಾಗ ಬೆಳ್ಗೊಡೆ ಅಷ್ಟೇನೂ ಅತಿಯಾಗಲಿಲ್ಲ ಎನ್ನಿಸುತ್ತದೆ.

‘ಆಫ್ ಕ್ಯಾಮೆರಾ ಫ್ಲಾಶ್’ಗೆ ನಾವು ‘ಇಳಿಸಿದ ಫ್ಲಾಶ್’ ಎನ್ನುತ್ತೇವೆ. ಇಲ್ಲಿ ಚರ್ಚೆಗೆ ಏನೂ ಇಲ್ಲ. ಟ್ರಿಗರ್ ಟ್ರಿಗರ್ ಆಗಿಯೇ ಇರಲಿ. ‘ಕಿಡಿಹಚ್ಚುಗ’ ಎಂದು ಯಾರೂ ದಯವಿಟ್ಟು ಸೂಚಿಸಬೇಡಿ.

ಮರಳಿನ ಚೀಲದ ವಿಷಯದಲ್ಲಿ ನನಗೆ ಪಾಠವಾದದ್ದು ಮುಳ್ಳಯ್ಯನಗಿರಿಯಲ್ಲಿ. 1,930 ಮೀಟರ್ ಎತ್ತರ, ಕರ್ನಾಟಕದಲ್ಲಿ ಅದಕ್ಕಿಂತ ಮೇಲೆ ನೆಲವಿಲ್ಲ, ಗಾಳಿಗೆ ತಡೆಯೂ ಇಲ್ಲ. ಮದುವೆಗೆ ಮುಂಚಿನ ಜೋಡಿ ಫೋಟೊ. ಸ್ಟ್ಯಾಂಡಿಗೆ ಎರಡು ಲೀಟರಿನ ನೀರಿನ ಬಾಟಲಿ ನೇತುಹಾಕಿ, ಆಯಿತು ಎಂದುಕೊಂಡೆ. ಬಿಚ್ಚಿದ ಕೊಡೆ ದೋಣಿಯ ಹಾಯಿಯ ಹಾಗೆ ಗಾಳಿ ತುಂಬಿಕೊಂಡು, ಸ್ಟ್ಯಾಂಡು, ಫ್ಲಾಶು, ಬಾಟಲಿ ಸಮೇತ ಹುಲ್ಲಿನ ಮೇಲೆ ಮಲಗಿತು. ಫ್ಲಾಶಿನ ಗಾಜು ಒಡೆಯಿತು. ಅಲ್ಲಿ ಗುಂಡುಕಲ್ಲು ಕಟ್ಟಿದರೂ ಸಾಲದು. ಕೊಡೆ ಮಡಚಿಟ್ಟು, ಒಬ್ಬ ಮನುಷ್ಯನ ಕೈಗೆ ಮಾನೋಪಾಡ್, ಎಂದರೆ ಒಂಟಿಕಾಲಿನ ಕೋಲು, ಕೊಟ್ಟು ಅದರ ತುದಿಗೆ ಫ್ಲಾಶ್ ಸಿಗಿಸುವುದೇ ವಾಸಿ.

ಆ ಮನುಷ್ಯನಿಗೂ ಒಂದು ಹೆಸರು ಬೇಕು. ವಿಡಿಯೊ ಕಾಲದಲ್ಲಿ ಉರಿಯುವ ಹ್ಯಾಲೊಜನ್ ದೀಪ ಎತ್ತಿಕೊಂಡು ಮದುಮಕ್ಕಳ ಹಿಂದೆ ಸುತ್ತುತ್ತಿದ್ದವನನ್ನು ಎಲ್ಲರೂ ‘ಲೈಟ್ ಹುಡ್ಗ’ ಎನ್ನುತ್ತಿದ್ದರು, ಐವತ್ತು ವರ್ಷವಾಗಿದ್ದರೂ ಹುಡುಗನೇ. ಉತ್ಸವದಲ್ಲಿ ಇದೇ ಕೆಲಸ ಮಾಡುವವರು ದೀವಟಿಗೆಯವರು. ಕಲ್ಲಲ್ಲೂ ಕಂಚಲ್ಲೂ ದೀಪ ಹಿಡಿದು ನಿಂತವಳು ದೀಪದ ಮಲ್ಲಿ. ಕಳೆದ ಮದುವೆಯಲ್ಲಿ ನನ್ನ ಫ್ಲಾಶ್ ಹಿಡಿದವಳು ಡಿಗ್ರಿ ಓದುವ ಹುಡುಗಿ. ಅವಳನ್ನು ದೀಪದ ಮಲ್ಲಿ ಎಂದು ಕರೆದೆ. “ಸರ್, ಮಲ್ಲಿ ಕೈ ನೋಯಲ್ಲ, ನಂಗೆ ನೋಯ್ತಿದೆ, ಬೇಗ ತೆಗೀರಿ” ಅಂದಳು.

ಒಂದು ಅಡ್ಡಮಾತು: ಬೇಲೂರಿಗೆ ಹೋಗಿ ಮದನಿಕೆಯರ ಕೆಳಗೇ ಕೊಡೆಗೈ ನಿಲ್ಲಿಸಿ ಒಂದು ಫೋಟೊ ತೆಗೆದು ಈ ಪತ್ರದ ಜತೆ ಕಳಿಸೋಣ ಎಂದಿದ್ದೆ. ಆದರೆ ಅದು ಪುರಾತತ್ವ ಇಲಾಖೆಯ ಸ್ಮಾರಕ, 2023ರಿಂದ ಯುನೆಸ್ಕೊ ಪಟ್ಟಿಯಲ್ಲೂ ಇದೆ. ಸ್ಟ್ಯಾಂಡು, ಟ್ರೈಪಾಡು ಇಡಲು ಮೊದಲೇ ಅನುಮತಿ ಬೇಕು. ಕೈಬಿಟ್ಟೆ.

ಈಗ ನನ್ನ ಕೇಳಿಕೆ. ಮನೆ ಕಟ್ಟುವವರ, ಬಡಗಿಗಳ ಬಾಯಲ್ಲಿ ‘ಮದನಕೈ’ ಈಗಲೂ ಓಡಾಡುತ್ತಿದೆಯೇ? ಸೂರಿನ ತೊಲೆಗೆ ಗೋಡೆಯಿಂದ ಕೊಡುವ ಓರೆ ಆಸರೆಗೆ ನಿಮ್ಮೂರಲ್ಲಿ ಏನೆನ್ನುತ್ತಾರೆ? ಸಕಲೇಶಪುರ, ಮೂಡಿಗೆರೆ ಕಡೆಯ ಹಳೇ ಹೆಂಚಿನ ಮನೆಗಳಲ್ಲಿ ಬೆಳೆದವರು ಹೇಳಿದರೆ ಉಪಕಾರ. ಇನ್ನೊಂದು, ಫ್ಲಾಶಿನ ಪಾದ ಜಾರುವ ಆ ಸಂದಿಗೆ ಇಂಗ್ಲಿಷಿನವರು ‘ಶೂ’ ಎನ್ನುತ್ತಾರೆ, ವಿದ್ಯುತ್ ಸಂಪರ್ಕ ಇದ್ದರೆ ‘ಹಾಟ್’, ಇಲ್ಲದಿದ್ದರೆ ‘ಕೋಲ್ಡ್’. ‘ತಣ್ಣನೆಯ ಬೂಟು’ ಎಂದು ನಾನಂತೂ ಬರೆಯಲಾರೆ. ಕಿಟಕಿಯ ಚೌಕಟ್ಟಿನಲ್ಲಿ ಗಾಜು ಜಾರಿಸಿ ಕೂರಿಸಲು ಕೊರೆಯುವ ಕಾಲುವೆಗೆ ಬಡಗಿಗಳು ಬಳಸುವ ಮಾತು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಹುಡುಗ ಮುಂದಿನ ವಾರ ಇನ್ನೊಂದು ಸ್ಟ್ಯಾಂಡ್ ತರಿಸುವವನಿದ್ದಾನೆ, ಚೀಟಿ ನಾನೇ ಬರೆಯಬೇಕು.