ತುರ್ತಾಗಿ ಪದ ಬೇಕು: ಸ್ಪೀಡ್‌ವೇಯ 'ಸೆಕೆಂಡ್ ಸ್ಟ್ರಿಂಗ್'ಗೆ ಕನ್ನಡದಲ್ಲಿ ಏನನ್ನೋಣ?

ಗೋರ್ಟನ್ ಕನ್ನಡತಿ, ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆಯೊಳಗೆ ಒಂದು ಪದ ಬೇಕು. ಸಿಕ್ಕರೆ ನಾಲ್ಕು.

ಸೋಮವಾರ ರಾತ್ರಿ ಇಲ್ಲಿ ಮ್ಯಾಂಚೆಸ್ಟರಿನಲ್ಲಿ ಬೆಲ್ ವ್ಯೂ ತಂಡದ ಸ್ಪೀಡ್‌ವೇ ನೋಡಲು ಹೋಗುತ್ತಿದ್ದೇವೆ. ಊರಿಂದ ಬಂದಿರುವ ಅಪ್ಪ, ಅಮ್ಮ, ಅತ್ತೆ, ಮಾವಂದಿರೆಲ್ಲ ಸೇರಿ 9 ಜನ. ಬೈಕ್ ಓಟ ಅವರಿಗೆ ನೋಡಿದರೆ ಅರ್ಥವಾಗುತ್ತದೆ. ನಾಲ್ಕು ಜನ, ನಾಲ್ಕು ಸುತ್ತು, 500 ಸಿಸಿ ಬೈಕು, ಬ್ರೇಕ್ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸಿಕೊಂಡೇ ಹೋಗಬೇಕು. ಮೊದಲು ಬಂದವನಿಗೆ 3 ಅಂಕ, ಆಮೇಲೆ 2, 1, ಸೊನ್ನೆ. ಇಷ್ಟನ್ನು ನಮ್ಮ ಮಾವ ಎರಡು ನಿಮಿಷದಲ್ಲಿ ಹಿಡಿದರು. ಅವರ ತಲೆ ತಿನ್ನುತ್ತಿರುವುದು ತಂಡ ಕಟ್ಟುವ ಲೆಕ್ಕ. 'ಹೋದ ವರ್ಷ ಅಷ್ಟು ಚೆನ್ನಾಗಿ ಓಡಿಸಿದವನನ್ನ ಯಾಕಮ್ಮ ಬಿಟ್ಟುಬಿಟ್ರು?' ಅಂತ ಮೊನ್ನೆಯಿಂದ ಒಂದೇ ಪ್ರಶ್ನೆ. ಅದಕ್ಕೇ ಒಂದು ಪುಟದ ಕನ್ನಡ ಹಾಳೆ ಮಾಡಿ ಎಲ್ಲರ ಕೈಗೂ ಕೊಡೋಣ ಅಂತ ಕೂತಿದ್ದೇನೆ.

ತಂಡದಲ್ಲಿ 7 ಜನ. ಮೇಲಿನ ಮೂವರು ಹೀಟ್ ಲೀಡರ್ (ಒಂದೊಂದು ಓಟವನ್ನೂ ಇಲ್ಲಿ ಹೀಟ್ ಅನ್ನುತ್ತಾರೆ). ಅವರ ನಂತರದ ಇಬ್ಬರು ಸೆಕೆಂಡ್ ಸ್ಟ್ರಿಂಗ್. 6 ಮತ್ತು 7ನೇ ನಂಬರಿನವರು ರಿಸರ್ವ್. ನಿಘಂಟಿನ ದಾರಿ ಹಿಡಿದು ಸೆಕೆಂಡ್ ಸ್ಟ್ರಿಂಗ್ ಅನ್ನು 'ಬದಲಿ ಆಟಗಾರ' ಅಂದರೆ ಇಲ್ಲಿ ಪೂರಾ ತಪ್ಪಾಗುತ್ತದೆ. ಅವನು ಬೆಂಚಿನ ಮೇಲೆ ಕೂರುವವನಲ್ಲ, ಪ್ರತಿ ಪಂದ್ಯದಲ್ಲೂ ಓಡಿಸುತ್ತಾನೆ. ಹಾಗೆ ನೋಡಿದರೆ ರಿಸರ್ವ್ ಕೂಡ ಬೆಂಚಿನವನಲ್ಲ, ಎರಡನೇ ಹೀಟ್ ಅವರದ್ದೇ. ರಿಸರ್ವ್‌ಗೆ 'ಮೀಸಲು ಸವಾರ' ಅಂತ ಬರೆದು ಅಳಿಸಿದೆ. ಮಾವ ಅದನ್ನ ಓದಿ 'ಯಾವ ಕೆಟಗರಿ?' ಅಂದರು.


ಹಳೆ ಮೇಷ್ಟ್ರು, ಶನಿವಾರ ಬೆಳಿಗ್ಗೆ

ಸ್ಟ್ರಿಂಗ್ ಇಲ್ಲಿ ದಾರ ಅಲ್ಲ, ಬಿಲ್ಲಿನ ಹೆದೆ. ಒಂದು ಕಡಿದರೆ ಇರಲಿ ಅಂತ ಬಿಲ್ಲುಗಾರ ಇಟ್ಟುಕೊಳ್ಳುತ್ತಿದ್ದ ಇನ್ನೊಂದು ಹೆದೆ. ನಮ್ಮಲ್ಲಿ ಹೆದೆ ಉಂಟು, ಏರಿಸುವುದೂ ಉಂಟು. 'ಮರುಹೆದೆ' ಅನ್ನಿ, ಮುಗಿಯಿತು.

'ಸವಾರ' ಬೇಡ. ಪಾರಸಿ. 'ರಾವುತ' ಅನ್ನಿ.


ಬೇರುಹುಡುಕ, ಶನಿವಾರ ಬೆಳಿಗ್ಗೆ

ಮೇಷ್ಟ್ರೇ, ರಾವುತ ಎಲ್ಲಿಂದ ಬಂತು? ರಾಜಪುತ್ರ ಸವೆದು ಸವೆದು ರಾವುತ ಆಗಿದ್ದು. ಮಹಾಮಾತ್ರ ಸವೆದು ಮಾವುತ ಆದ ಹಾಗೆ. ಪಾರಸಿ ಆಗದು, ಸಂಸ್ಕೃತ ಆದೀತು ಅನ್ನುವುದಾದರೆ ಹಾಗಂತ ನೇರ ಹೇಳಿ. ಅಚ್ಚಗನ್ನಡದ ಬೋರ್ಡ್ ಹಾಕಿಕೊಂಡು ಮಾರಬೇಡಿ.


ಹಳೆ ಮೇಷ್ಟ್ರು

ತದ್ಭವ ನಮ್ಮದೇ. ಸಾವಿರ ವರ್ಷದಿಂದ ಮನೆಯಲ್ಲಿರುವವರನ್ನು ನೆಂಟರು ಅನ್ನುವುದಿಲ್ಲ.


ಡೆಸ್ಕಿನವನು, ಶನಿವಾರ ಮಧ್ಯಾಹ್ನ

ಮೇಡಂ, ನಾನು ಹತ್ತು ವರ್ಷ ಕ್ರೀಡಾಪುಟದಲ್ಲಿ ಇದ್ದವನು. 'ಮರುಹೆದೆ ರಾವುತ' ಅಂತ ಪುಟಕ್ಕೆ ಹಾಕಿದ್ದರೆ ಬೆಳಿಗ್ಗೆ 6ಕ್ಕೇ ಫೋನ್ ಬರುತ್ತಿತ್ತು. ಕ್ರಿಕೆಟ್ಟಿಗೆ ಓದುಗರು ಒಪ್ಪಿಕೊಂಡ ಪದಗಳು ರೆಡಿ ಇವೆ. ಅಗ್ರ ಕ್ರಮಾಂಕ, ಮಧ್ಯಮ ಕ್ರಮಾಂಕ, ಕೆಳ ಕ್ರಮಾಂಕ. ಮಧ್ಯಮ ಕ್ರಮಾಂಕದ ಸವಾರ ಅಂತ ಹಾಕಿ ಪ್ರಿಂಟ್ ಕೊಡಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.


ಗೋರ್ಟನ್ ಕನ್ನಡತಿ, ಶನಿವಾರ ಮಧ್ಯಾಹ್ನ

ಸರ್, ಇದು ನನಗೂ ಮೊದಲು ಹಿಡಿಸಿತು. ಆದರೆ ಕ್ರಮಾಂಕ ಅಂದ ತಕ್ಷಣ ಓದುವವರು ನಂಬರ್ ನೋಡುತ್ತಾರೆ. ಇಲ್ಲಿ ನಂಬರ್ ಸಾಲಾಗಿ ಇಳಿಯುವುದಿಲ್ಲ. ಸಾಮಾನ್ಯವಾಗಿ 1, 3, 5 ಹೀಟ್ ಲೀಡರುಗಳಿಗೆ. 2 ಮತ್ತು 4 ಸೆಕೆಂಡ್ ಸ್ಟ್ರಿಂಗ್‌ಗೆ. ಅಂದರೆ 2ನೇ ನಂಬರಿನವನು 5ನೆಯವನಿಗಿಂತ ಕಡಿಮೆ. 2ನೇ ನಂಬರಿನವನಿಗೆ 'ಮಧ್ಯಮ', 5ರವನಿಗೆ 'ಅಗ್ರ' ಅಂತ ಬರೆದರೆ ಮಾವ ಹಾಳೆ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ನಂಬರ್ ಹೀಗೆ ಕೊಡುವುದಕ್ಕೆ ಕಾರಣ ಇದೆ. ಒಂದು ಹೀಟಿಗೆ ಒಂದು ತಂಡದಿಂದ ಇಬ್ಬರು ಇಳಿಯುತ್ತಾರೆ. ಆತಿಥೇಯರ ಹೆಲ್ಮೆಟ್ ಕೆಂಪು ಮತ್ತು ನೀಲಿ, ಎದುರಾಳಿಗಳದ್ದು ಬಿಳಿ ಮತ್ತು ಹಳದಿ. ಜೋರಾದವನ ಜೊತೆಗೆ ಸ್ವಲ್ಪ ಕಮ್ಮಿಯವನನ್ನು ಕಟ್ಟುತ್ತಾರೆ. ಕಮ್ಮಿಯವನ ಕೆಲಸ ಗೆಲ್ಲುವುದೇ ಅಂತಲ್ಲ. ತನ್ನ ತಂಡದವನ ಹಿಂದೆ, ಎದುರಾಳಿಯ ಮುಂದೆ ಬಂದರೆ ಅವನ ಲೆಕ್ಕಕ್ಕೆ ಒಂದು ಬೋನಸ್ ಸೇರುತ್ತದೆ. ಇಬ್ಬರೂ ಮೊದಲೆರಡು ಸ್ಥಾನ ಹಿಡಿದರೆ 5-1. ಪಂದ್ಯ ತಿರುಗುವುದೇ ಅಲ್ಲಿ.


ಕರಾವಳಿಯವ, ಶನಿವಾರ ರಾತ್ರಿ

ಅಕ್ಕ, ಇಷ್ಟು ಹೊತ್ತು ಕಂಬಳದ ಹೆಸರು ಯಾರೂ ಎತ್ತಲಿಲ್ಲವಲ್ಲ! ಓಟದ ಕನ್ನಡ ಬೇಕಿದ್ದರೆ ಗದ್ದೆಗೆ ಬರಬೇಕು. ಮೀಟಿಂಗ್‌ಗೆ, ಅಂದರೆ ಇಡೀ ಪಂದ್ಯಕ್ಕೆ, 'ಕೂಟ' ಅನ್ನಿ. ಟ್ರ್ಯಾಕಿಗೆ 'ಕರೆ' ಇದೆ, ಆದರೆ ಘಟ್ಟದ ಮೇಲಿನವರಿಗೆ ಫೋನ್ ಕರೆ ಅನ್ನಿಸೀತು, ಬಿಡಿ. ಹೀಟಿಗೆ 'ಓಟ', ಲ್ಯಾಪಿಗೆ 'ಸುತ್ತು'. ಇವೆರಡನ್ನು ಮಾತ್ರ ಕಲಸಬೇಡಿ. ಒಂದು ಕೂಟ, 15 ಓಟ, ಓಟಕ್ಕೆ 4 ಸುತ್ತು. ಚೊಕ್ಕ.

ಸವಾರರಿಗೆ ಹಿರಿಯ, ಕಿರಿಯ. ನಮ್ಮಲ್ಲಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಅಂತ ವಿಭಾಗಗಳೇ ಉಂಟು.

ಗೆಸ್ಟ್ ರೈಡರ್‌ಗೆ, ಅಂದರೆ ಗೈರಾದವನ ಜಾಗಕ್ಕೆ ಬೇರೆ ತಂಡದಿಂದ ಬರುವವನಿಗೆ, ಯಕ್ಷಗಾನದಿಂದ ತಗೊಳ್ಳಿ. ಒಂದು ಮೇಳದ ಭಾಗವತರು ಇನ್ನೊಂದು ಮೇಳದ ಆಟಕ್ಕೆ ಬಂದರೆ 'ಅತಿಥಿ ಕಲಾವಿದರು' ಅಂತಲೇ ಕರಪತ್ರದಲ್ಲಿ ಹಾಕುವುದು. ಅತಿಥಿ ಸವಾರ. ಸೀಸನ್‌ಗೆ 'ತಿರುಗಾಟ'.


ಡೆಸ್ಕಿನವನು

ಹಿರಿಯ ಕಿರಿಯ ಆಗಲ್ಲ. ಅಲ್ಲಿ ಅದು ಕೋಣದ ವಯಸ್ಸು. ಸೆಕೆಂಡ್ ಸ್ಟ್ರಿಂಗ್‌ನವನಿಗೆ 40 ದಾಟಿರಬಹುದು, ಹೀಟ್ ಲೀಡರ್‌ಗೆ 21 ಇರಬಹುದು. 'ಕೂಟ', 'ಅತಿಥಿ' ಮಾತ್ರ ಭೇಷ್.


ಗೋರ್ಟನ್ ಕನ್ನಡತಿ, ಶನಿವಾರ ರಾತ್ರಿ

ಅತಿಥಿ ಸವಾರ ಹಾಳೆಗೆ ಹೋಯಿತು, ಥ್ಯಾಂಕ್ಸ್. ಒಂದು ವ್ಯತ್ಯಾಸ ಇದೆ. ಮೇಳಕ್ಕೆ ಎಷ್ಟು ದೊಡ್ಡ ಅತಿಥಿ ಬಂದರೂ ಸಂತೋಷ. ಇಲ್ಲಿ ಬರುವ ಅತಿಥಿಯ ಸರಾಸರಿ, ಗೈರಾದವನ ಸರಾಸರಿಗಿಂತ ಜಾಸ್ತಿ ಇರಬಾರದು. ಅತಿಥಿ ಬೇಡ ಅಂದರೆ ರೈಡರ್ ರಿಪ್ಲೇಸ್‌ಮೆಂಟ್ ಅಂತ ಇನ್ನೊಂದು ದಾರಿ. ಗೈರಾದವನ ಓಟಗಳನ್ನು ತಂಡದ ಉಳಿದವರು ಹಂಚಿಕೊಳ್ಳುವುದು. ಅದಕ್ಕೆ 'ಪಾಳಿ ಹಂಚಿಕೆ' ಅಂತ ನಾನೇ ಹಾಕಿಕೊಂಡಿದ್ದೇನೆ. ಯಾರೂ ಬೈಯದಿದ್ದರೆ ಉಳಿಯುತ್ತದೆ.

ಈ ಸರಾಸರಿಯೇ ಎಲ್ಲದಕ್ಕೂ ಮೂಲ. ಒಬ್ಬ 20 ಓಟ ಓಡಿಸಿ 35 ಅಂಕ, 5 ಬೋನಸ್ ತಂದ ಅನ್ನಿ. ಒಟ್ಟು 40. ಅದನ್ನು 20ರಿಂದ ಭಾಗಿಸಿ 4ರಿಂದ ಗುಣಿಸಿದರೆ 8. ಎಲ್ಲ ಓಟವನ್ನೂ ಗೆಲ್ಲುವವನಿಗೆ 12. ಅಧಿಕೃತ ಪಟ್ಟಿಯನ್ನು ಇಲ್ಲಿ ಗ್ರೀನ್ ಶೀಟ್ ಅನ್ನುತ್ತಾರೆ.

ಚಳಿಗಾಲದಲ್ಲಿ ತಂಡ ಕಟ್ಟುವಾಗ ಎಲ್ಲರ ಸರಾಸರಿ ಕೂಡಿದರೆ ಒಂದು ಮಿತಿ ದಾಟಬಾರದು. ಆ ಮಿತಿ ವರ್ಷ ವರ್ಷ ಬದಲಾಗುತ್ತದೆ. ಮಾವನಿಗೆ ನಾನು ಬರೆದ ಲೆಕ್ಕ ಹೀಗೆ, ಸುಲಭ ಮಾಡಿಕೊಂಡಿದ್ದೇನೆ. ಮಿತಿ 40. ತಂಡ 9, 8, 7, 6, 4, 3, 3. ಸರಿಯಾಗಿ 40. ವರ್ಷ ಚೆನ್ನಾಗಿ ಹೋಯಿತು, ಕಪ್ ಬಂತು. 8ರವನು 9 ಆದ, 4ರ ಹುಡುಗ 6 ಆದ. ಈಗ ಒಟ್ಟು 43. ಯಾರಾದರೂ ಹೋಗಲೇಬೇಕು. ಗೆದ್ದ ತಂಡವೇ ಒಡೆಯಬೇಕು. ಕೆಟ್ಟದಾಗಿ ಓಡಿಸಿ ಸರಾಸರಿ ಬಿದ್ದವನಿಗೆ ಮಾತ್ರ ಐದು ತಂಡದಿಂದ ಫೋನ್, ಯಾಕಂದ್ರೆ ಅವನು ಈಗ ಅಗ್ಗ, ಮುಂದೆ ಏರಬಹುದು. ಮಾವನ ಪ್ರಶ್ನೆಗೆ ಉತ್ತರ ಇಷ್ಟೇ.

ಬೆಲ್ ವ್ಯೂ 1993ರಲ್ಲಿ ಲೀಗ್ ಗೆದ್ದಮೇಲೆ ಮತ್ತೆ ಗೆದ್ದದ್ದು 2022ರಲ್ಲಿ. 29 ವರ್ಷ ಕಾದವರಿಗೆ ಚಳಿಗಾಲ ಬಂದ ಕೂಡಲೇ ಕೂಡಿ ಕಳೆಯುವ ಕೆಲಸ.


ಬೇರುಹುಡುಕ, ಭಾನುವಾರ ಬೆಳಿಗ್ಗೆ

ಸರಾಸರಿ ಕೂಡ ಪಾರಸಿ, ಮೇಷ್ಟ್ರು ಗಮನಿಸಬೇಕು. ಬದಲಿ ಅರಬ್ಬಿ. ಗೈರು ಅರಬ್ಬಿ. ಎಲ್ಲ ತೆಗೆದರೆ ಹಾಳೆಯಲ್ಲಿ ಉಳಿಯುವುದು ಹೆದೆ ಒಂದೇ.


ಹಳೆ ಮೇಷ್ಟ್ರು

ಬಂದದ್ದನ್ನು ತೆಗೆಯಿರಿ ಅಂತ ನಾನು ಹೇಳಿಲ್ಲ. ಇನ್ನು ಬರುವುದಕ್ಕೆ ಒಂದು ಮಿತಿ ಬೇಡವೇ?


ಬೇರುಹುಡುಕ

ಅಂದರೆ ಭಾಷೆಗೂ ಪಾಯಿಂಟ್ಸ್ ಲಿಮಿಟ್. ಚೆನ್ನಾಗಿ ಓಡುವ ಪದವನ್ನೇ ವರ್ಷದ ಕೊನೆಗೆ ಹೊರಗೆ ಕಳಿಸುವುದು. ಅಲ್ವಾ?


ಹಳೆ ಮೇಷ್ಟ್ರು

ಚಮತ್ಕಾರ. ಉತ್ತರ ಅಲ್ಲ.


ಗೋರ್ಟನ್ ಕನ್ನಡತಿ, ಭಾನುವಾರ ಮಧ್ಯಾಹ್ನ

ಜಗಳ ಆಮೇಲೆ ಆಡಿ, ಪ್ಲೀಸ್. ಇನ್ನೊಂದು ಪದ ಸಿಕ್ಕಿಹಾಕಿಕೊಂಡಿದೆ. ಸವಾರನ ನೋಂದಣಿ ಯಾವ ಕ್ಲಬ್ಬಿನಲ್ಲಿದೆಯೋ ಅವನು ಆ ಕ್ಲಬ್ಬಿನ 'ಅಸೆಟ್'. ಅವನು ಓಡಿಸುವುದು ಬೇರೆ ಕ್ಲಬ್ಬಿಗೆ ಇರಬಹುದು, ಆಗ 'ಲೋನ್' ಮೇಲೆ ಇದ್ದಾನೆ ಅನ್ನುತ್ತಾರೆ. 'ಆಸ್ತಿ' ಅಂತ ಬರೆದೆ. ಅಮ್ಮ ಓದಿ 'ಮನುಷ್ಯರನ್ನ ಹೀಗಂತಾರಾ?' ಅಂದರು.


ಕರಾವಳಿಯವ

ಜೀತ ಅನ್ನಿ ಮಾರಾಯ್ರೆ, ಇದ್ದದ್ದು ಇದ್ದ ಹಾಗೆ.


ಡೆಸ್ಕಿನವನು

ಬೇಡ. ಜೀತ ಅಂದರೆ ಏನು ಅಂತ ನಮ್ಮ ಊರುಗಳಲ್ಲಿ ಗೊತ್ತಿದೆ. ಸಂಬಳ ಮಾತಾಡಿಕೊಂಡು ಓಡಿಸುವವನಿಗೆ ಆ ಪದ ಹಾಕುವುದು ಅದನ್ನು ಅನುಭವಿಸಿದವರಿಗೆ ಮಾಡುವ ಅವಮಾನ. 'ನೋಂದಣಿ ಹಕ್ಕು ಇಂಥ ಕ್ಲಬ್ಬಿನದು' ಅಂತ ಬಿಡಿಸಿ ಬರೆಯಿರಿ. ಒಂದು ಸಾಲು ಜಾಸ್ತಿಯಾಗುತ್ತದೆ, ಆಗಲಿ.


ಕರಾವಳಿಯವ

ಒಪ್ಪಿದೆ. ನಾಲಿಗೆ ಜಾರಿತು.


ಬೇರುಹುಡುಕ

ಲೋನ್‌ಗೆ 'ಎರವಲು' ಇದೆ. ಮೇಷ್ಟ್ರಿಗೂ ಅಡ್ಡಿಯಿಲ್ಲದ ಕನ್ನಡ. ಎರವಲು ಸವಾರ. 'ಎರವಲು ಪದ' ಅಂತ ಬೈಯುವಾಗ ಬಳಸುವುದೂ ಇದನ್ನೇ.

ಅಂದಹಾಗೆ ಹಂಚುವ ಕೆಲಸ ಇಲ್ಲಿ ಹೊಸದಲ್ಲ. 1965ರಲ್ಲಿ ಬ್ರಿಟಿಷ್ ಲೀಗ್ ಶುರುವಾದಾಗ ರೈಡರ್ ಕಂಟ್ರೋಲ್ ಅಂತ ಸಮಿತಿಯೇ ಇತ್ತು. ತಂಡಗಳ ಬಲ ಸರಿದೂಗಿಸಲು ಸವಾರರನ್ನು ಇಂಥ ಕಡೆ ಹೋಗು ಅಂತ ಕಳಿಸುತ್ತಿತ್ತು. ಈಗ ಅದೇ ಕೆಲಸವನ್ನು ಕೂಡುವ ಲೆಕ್ಕ ಮಾಡುತ್ತದೆ. ಸಮಿತಿಯನ್ನಾದರೂ ಬೈಯಬಹುದಿತ್ತು.


ಕರಾವಳಿಯವ, ಭಾನುವಾರ ಸಂಜೆ

ಅಕ್ಕ, 'ಎರಡನೇ' ಅಂತಲೇ ಇಟ್ಟರೆ ಏನು ಕೊರತೆ? ಬಡಗುತಿಟ್ಟಿನ ಯಕ್ಷಗಾನದಲ್ಲಿ 'ಎರಡನೇ ವೇಷ' ಅಂದರೆ ಮೇಳದ ಭಾರ ಹೊರುವ ವೇಷ. ಅಲ್ಲಿ ಎರಡನೇ ಅಂದರೆ ಕೀಳು ಅಂತ ಯಾರೂ ತಿಳಿಯುವುದಿಲ್ಲ.


ಗೋರ್ಟನ್ ಕನ್ನಡತಿ, ಭಾನುವಾರ ಸಂಜೆ

ಯಕ್ಷಗಾನದ ಆಟ ನೋಡಿದವರಿಗೆ ಸರಿ. ನಮ್ಮ 9 ಜನರಲ್ಲಿ ಆರು ಜನ ತುಮಕೂರು, ಹಾಸನದ ಕಡೆಯವರು.

ಪ್ರಿಂಟ್‌ಗೆ ಕೊಡುವ ಹೊತ್ತಾಯಿತು. ಹೀಟ್ ಲೀಡರ್ 'ಮುಖ್ಯ ಸವಾರ'. ಸೆಕೆಂಡ್ ಸ್ಟ್ರಿಂಗ್ 'ಜೊತೆ ಸವಾರ'. ಅವನು ಮಾಡುವುದೇ ಅದು, ಮುಖ್ಯ ಸವಾರನ ಜೊತೆ ಇಳಿದು ಅವನ ಬೆನ್ನಿಗೆ ಬರುವುದು. ರಿಸರ್ವ್ ಅನ್ನು ರಿಸರ್ವ್ ಅಂತಲೇ ಬಿಟ್ಟೆ. ಬಸ್ಸು, ರೈಲಿನಿಂದ ಎಲ್ಲರಿಗೂ ಗೊತ್ತಿರುವ ಪದ, ಅರ್ಥ ಬೇರೆಯಾದರೂ ಹೆದರುವುದಿಲ್ಲ. ಕೊನೆಯ 15ನೇ ಓಟಕ್ಕೆ ತಂಡಗಳೇ ಇಬ್ಬಿಬ್ಬರನ್ನು ಆರಿಸಿ ಕಳಿಸುತ್ತವೆ, ಸಾಮಾನ್ಯವಾಗಿ ಇಬ್ಬರೂ ಮುಖ್ಯ ಸವಾರರೇ. ಆಗ 'ಜೊತೆ' ಯಾರು ಅಂತ ಕೇಳಬೇಡಿ.

ಒಬ್ಬನೇ ಸವಾರ ಪ್ರೀಮಿಯರ್‌ಶಿಪ್‌ನಲ್ಲಿ ಒಂದು ತಂಡಕ್ಕೆ, ಕೆಳಗಿನ ಚಾಂಪಿಯನ್‌ಶಿಪ್‌ನಲ್ಲಿ ಇನ್ನೊಂದು ತಂಡಕ್ಕೆ ಓಡಿಸುವುದಕ್ಕೆ ಡಬ್ಲಿಂಗ್ ಅಪ್ ಅನ್ನುತ್ತಾರೆ. ಅದನ್ನು ಹಾಳೆಯಿಂದಲೇ ತೆಗೆದೆ. ಮಾವನಿಗೆ ಅದು ತಿಳಿದರೆ ರಾತ್ರಿಯೆಲ್ಲ ಮಲಗಲ್ಲ.


ಹಳೆ ಮೇಷ್ಟ್ರು

'ಜೊತೆ' ಪರವಾಗಿಲ್ಲ. 'ಮುಖ್ಯ' ಬೇಡವಿತ್ತು. 'ಸವಾರ'ದ ಬಗ್ಗೆ ನನ್ನ ಮಾತು ಹಾಗೇ ಇದೆ.


ಗೋರ್ಟನ್ ಕನ್ನಡತಿ, ಸೋಮವಾರ ರಾತ್ರಿ

ಮಧ್ಯಾಹ್ನದಿಂದ ಮಳೆ. ಮೈದಾನ ಕೆಸರು, ಕೂಟ ಮುಂದಕ್ಕೆ ಹೋಯಿತು. ಹಾಳೆಗಳು ಕಾರಿನ ಹಿಂದಿನ ಸೀಟಿನಲ್ಲಿವೆ. ಹೊಸ ದಿನ ಬರುವಷ್ಟರಲ್ಲಿ ಸರಾಸರಿ ಪಟ್ಟಿಯೂ ಬದಲಾಗಿರುತ್ತದೆ, ಅಂಕಿ ತಿದ್ದಿ ಮತ್ತೆ ಪ್ರಿಂಟ್ ಮಾಡಬೇಕು.


ಹಳೆ ಮೇಷ್ಟ್ರು

ಒಳ್ಳೆಯದಾಯಿತು. ಹೇಗೂ ತಿದ್ದುತ್ತೀರಿ. 'ಹೆದೆ' ಏಕೆ ಆಗದು ಅಂತ ಇಲ್ಲಿ ಯಾರೂ ಇನ್ನೂ ಕಾರಣ ಕೊಟ್ಟಿಲ್ಲ.